ಗುಲ್ಮಾರ್ಗ್‌ಗೆ ಮನೆಯವ್ರೆಲ್ಲ ಸ್ಕೀಯಿಂಗ್ ಕಲಿಯೋಕೆ ಹೋಗ್ಬೇಕು, ಕೊಯ್ಲಿನ ಮಧ್ಯೆ ಯಾವಾಗ ಹೋದ್ರೆ ಒಳ್ಳೇದು?

ಮೂಡಿಗೆರೆ ತೋಟದವ್ನು

ಎಲ್ರಿಗೂ ನಮಸ್ಕಾರ. ಮೂಡಿಗೆರೆ ಹತ್ರ ನಮ್ದು ಕಾಫಿ, ಮೆಣಸಿನ ತೋಟ. ಈ ಚಳಿಗಾಲದಲ್ಲಿ ಮನೆಯವ್ರೆಲ್ಲ ಸೇರಿ ಗುಲ್ಮಾರ್ಗ್‌ಗೆ ಹೋಗ್ಬೇಕು ಅಂತಿದೀವಿ, ಹಿಮ ನೋಡಿ ಫೋಟೋ ಹೊಡ್ಕೊಂಡು ಬರೋಕಲ್ಲ, ನಿಜವಾಗ್ಲೂ ಸ್ಕೀಯಿಂಗ್ ಕಲಿಯೋಕೆ. ಮಗಳಿಗೆ ಹನ್ನೊಂದು ವರ್ಷ. 2022ರ ಬೀಜಿಂಗ್ ವಿಂಟರ್ ಒಲಿಂಪಿಕ್ಸ್‌ಗೆ ನಮ್ ದೇಶದಿಂದ ಹೋಗಿದ್ದು ಒಬ್ರೇ ಒಬ್ರು, ಆರಿಫ್ ಖಾನ್, ಅವ್ರು ಗುಲ್ಮಾರ್ಗ್ ಕೆಳಗಿನ ತಂಗ್‌ಮಾರ್ಗ್ ಕಡೆಯವ್ರು ಅಂತ ಓದಿದಾಳೆ, ಅವತ್ತಿಂದ ಮನೇಲಿ ಬೇರೆ ಮಾತೇ ಇಲ್ಲ.

ಹೋಗೋರು ಒಟ್ಟು ಆರು ಜನ. ನಾನು, ಮನೆಯವ್ಳು, ಮಗಳು, ನನ್ ತಮ್ಮ, ಅಪ್ಪ, ಅಮ್ಮ. ಅಪ್ಪಂಗೆ 68, ಬಿಪಿ ಮಾತ್ರೆ ತಗೋತಾರೆ, ನಡೆಯೋದ್ರಲ್ಲಿ ಗಟ್ಟಿ. ಅಪ್ಪ ಅಮ್ಮ ಸ್ಕೀ ಮಾಡಲ್ಲ, ಆದ್ರೆ ರೋಪ್‌ವೇಲಿ ಮೇಲೆ ಹೋಗೋ ಆಸೆ ಇದೆ.

ನನ್ ತಲೆನೋವೆಲ್ಲ ಟೈಮಿಂದು. ಅರೇಬಿಕಾ ಕೊಯ್ಲು ಹೊಸ ವರ್ಷದ ಹೊತ್ತಿಗೆ ಮುಗೀತು ಅಂತಿಟ್ಕೊಂಡ್ರೂ ಜನವರಿ ಮಧ್ಯಕ್ಕೆ ರೋಬಸ್ಟಾ ಹಣ್ಣಾಗುತ್ತೆ, ಅದು ಮುಗಿಯೋದ್ರೊಳಗೆ ಮೆಣಸು, ಆಮೇಲೆ ಕಾಫಿ ಹೂ ಅರಳೋಕೆ ಬೇಕಾದ ಹೂಮಳೆ ಬರ್ಲಿಲ್ಲ ಅಂದ್ರೆ ಸ್ಪ್ರಿಂಕ್ಲರ್ ಪೈಪ್ ಹಿಂದೆ ಓಡಾಡ್ಬೇಕು. ಕಣ ನೋಡ್ಕೊಳ್ಳೋಕೆ ರೈಟರ್, ಅಂದ್ರೆ ತೋಟದ ಮೇಲ್ವಿಚಾರಕರು ಇದಾರೆ, ಆದ್ರೂ ಎಂಟ್ಹತ್ತು ದಿನಕ್ಕಿಂತ ಜಾಸ್ತಿ ತೋಟ ಬಿಡಕ್ಕಾಗಲ್ಲ. ಮಗಳ ಪರೀಕ್ಷೆ ಬೇರೆ ಮಾರ್ಚಲ್ಲಿ.

ಇಲ್ಲೇ ಒಬ್ರು ಟ್ರಾವೆಲ್ಸ್‌ನವ್ರು ಪ್ಯಾಕೇಜ್ ಹೇಳಿದಾರೆ, ಶ್ರೀನಗರ ಎರಡು ರಾತ್ರಿ, ಪಹಲ್ಗಾಮ್ ಎರಡು, ಸೋನ್‌ಮಾರ್ಗ್ ಒಂದು, ಗುಲ್ಮಾರ್ಗ್ ಒಂದು. ಒಂದು ರಾತ್ರಿಲಿ ಕಲಿಯಕ್ಕಾಗುತ್ತಾ? ಹೋಗಿ ಬಂದವ್ರು ದಯವಿಟ್ಟು ಹೇಳಿ.

ಗೊರೂರು ಹಿನ್ನೀರು

ಆ ಪ್ಯಾಕೇಜ್ ಬೇಡ ಸರ್. ಒಂದು ರಾತ್ರಿ ಗುಲ್ಮಾರ್ಗ್ ಅಂದ್ರೆ ಮಧ್ಯಾಹ್ನ ಹೋಗಿ ಇಳೀತೀರಿ, ಸ್ಲೆಡ್ಜ್ ಎಳೆಯೋರು, ಕುದುರೆಯವ್ರು, ಗೈಡ್‌ಗಳು ಸುತ್ಕೋತಾರೆ, ಒಬ್ಬ ಹುಡುಗ ಕಾಲಿಗೆ ಸ್ಕೀ ಕಟ್ಟಿ ಕೈ ಹಿಡ್ಕೊಂಡು ಒಂದಿಪ್ಪತ್ತು ಮೀಟರ್ ಜಾರಿಸಿ ದುಡ್ಡು ಇಸ್ಕೋತಾನೆ, ಅಷ್ಟೇ. ಕಲಿಯೋಕೆ ಅಂತ್ಲೇ ಹೋಗೋರು ಮಿಕ್ಕಿದ್ದೆಲ್ಲ ಬಿಟ್ಟು ಗುಲ್ಮಾರ್ಗಲ್ಲೇ ಐದು ರಾತ್ರಿ ಉಳೀಬೇಕು. ನಾನು ಹಾಸನದವ್ನು, ಕೆಲ್ಸ ಬೆಂಗಳೂರಲ್ಲಿ, ಚಳಿಗಾಲದಲ್ಲಿ ಅಲ್ಲಿಗೆ ಹೋಗ್ತಾ ಇರ್ತೀನಿ, ಅದಕ್ಕೇ ಇಷ್ಟು ಗಟ್ಟಿಯಾಗಿ ಹೇಳ್ತಿದೀನಿ.

ಮೊದ್ಲು ಒಂದು ವಿಷ್ಯ ತಿಳ್ಕೊಳ್ಳಿ, ಗುಲ್ಮಾರ್ಗಲ್ಲಿ ಇರೋದು ಎರಡು ಥರದ ಜಾಗ. ಊರು ಇರೋದು ಸುಮಾರು 2,650 ಮೀಟರ್ ಎತ್ತರದಲ್ಲಿ, ಅಲ್ಲೇ ಬಟ್ಟಲಿನಂಥ ಬಯಲಿದೆ, ಬೇಸಿಗೆಲಿ ಗಾಲ್ಫ್ ಆಡ್ತಾರಲ್ಲ ಅದೇ ಸುತ್ತಮುತ್ತ, ಹೊಸಬ್ರು ಕಲಿಯೋದು ಅಲ್ಲಿ. ಇನ್ನೊಂದು ಗೊಂಡೋಲಾ, ಅಂದ್ರೆ ನೀವು ಹೇಳಿದ ರೋಪ್‌ವೇ, ಹತ್ತಿ ಹೋಗೋ ದೊಡ್ಡ ಬೆಟ್ಟ. ಮೊದಲ್ನೇ ಹಂತ ಕೊಂಗ್‌ದೂರಿವರೆಗೆ, ಅದು 3,080 ಮೀಟರ್ ಹತ್ರ, ಎರಡ್ನೇ ಹಂತ ಅಫರ್ವಟ್ ಬೆಟ್ಟದ ಭುಜಕ್ಕೆ, 3,950 ಮೀಟರ್ ಆಸುಪಾಸು. ನಮ್ ಮುಳ್ಳಯ್ಯನಗಿರಿ 1,930 ಅಂದ್ರೆ ಲೆಕ್ಕ ಹಾಕಿ. ಪ್ರಪಂಚದ ಎಲ್ಲಾ ಕಡೆಯಿಂದ ಸ್ಕೀ ಮಾಡೋರು ಗುಲ್ಮಾರ್ಗ್ ಗುಲ್ಮಾರ್ಗ್ ಅಂತ ಬರೋದು ಈ ಅಫರ್ವಟ್‌ಗೋಸ್ಕರ, ಆದ್ರೆ ಅದು ನುರಿತವ್ರ ಬೆಟ್ಟ. ಯುರೋಪಲ್ಲಿ ಇರೋ ಹಂಗೆ ಮೆಷಿನ್ ಓಡಿಸಿ ಹಿಮ ಹದ ಮಾಡಿರೋ ಟ್ರ್ಯಾಕ್ ಮೇಲ್ಗಡೆ ಹೆಚ್ಚು ಇಲ್ಲ, ಮೊಣಕಾಲುದ್ದ ಹುಡಿ ಹಿಮ. ನಿಮಗೆ ಈ ಸಲ ಆ ಎತ್ತರ ಬೇಕಾಗೇ ಇಲ್ಲ. ಕೆಳಗಿನ ಬಯಲಿನ ಸಣ್ಣ ಇಳಿಜಾರಲ್ಲೇ ನಾಲ್ಕು ದಿನ ಬೆಳಿಗ್ಗೆ ಸಂಜೆ ಬಿದ್ದು ಎದ್ದು ಮಾಡಿದ್ರೆ ಮಗಳು ತಾನಾಗೇ ತಿರುಗಿ ನಿಲ್ಲೋಕೆ ಕಲೀತಾಳೆ, ದೊಡ್ಡವ್ರಿಗಿಂತ ಮಕ್ಕಳು ಬೇಗ ಕಲೀತಾರೆ, ಅವ್ರಿಗೆ ಬೀಳೋ ಭಯ ಇರಲ್ಲ.

ಟೈಮ್ ಬಗ್ಗೆ. ಕಾಶ್ಮೀರದಲ್ಲಿ ಡಿಸೆಂಬರ್ 21ರಿಂದ 40 ದಿನ ಚಿಲ್ಲಾಯ್ ಕಲಾನ್ ಅಂತಾರೆ, ಕಡು ಚಳಿ. ಆಮೇಲೆ 20 ದಿನ ಚಿಲ್ಲಾಯ್ ಖುರ್ದ್, ಅದಾದ್ಮೇಲೆ 10 ದಿನ ಚಿಲ್ಲಾಯ್ ಬಚ್ಚಾ. ನನ್ ಪ್ರಕಾರ ನಿಮಗೆ ಹೇಳಿಮಾಡಿಸಿದ ಟೈಮು ಫೆಬ್ರವರಿ ಮೊದಲೆರಡು ವಾರ. ರೋಬಸ್ಟಾ ಒಂದು ಸುತ್ತು ಮುಗಿಸಿ, ಮೆಣಸಿಗೆ ಏಣಿ ಹಾಕೋದ್ರೊಳಗೆ ಹೋಗ್ಬನ್ನಿ. ಜನವರಿ 26ರ ಆಸುಪಾಸು ಬೇಡ, ಚೆಕಿಂಗ್ ಜಾಸ್ತಿ ಇರುತ್ತೆ, ಓಡಾಟ ನಿಧಾನ. ಖೇಲೋ ಇಂಡಿಯಾ ವಿಂಟರ್ ಗೇಮ್ಸ್ 2020ರಿಂದ ಗುಲ್ಮಾರ್ಗಲ್ಲಿ ನಡೀತಿದೆ, ಅದರ ದಿನಾಂಕ ನೋಡ್ಕೊಂಡು ರೂಮ್ ಮಾಡಿ, ಆ ವಾರ ರೂಮ್ ಸಿಗೋದೂ ಕಷ್ಟ, ಇಳಿಜಾರಲ್ಲಿ ಜಾಗನೂ ಕಷ್ಟ.

ಒಂದು ಮಾತು ಮಾತ್ರ ಗಮನದಲ್ಲಿರ್ಲಿ, ಹಿಮ ಈಗ ಮೊದಲಿನ ಥರ ನಂಬೋ ಹಂಗಿಲ್ಲ. 2024ರ ಜನವರಿಲಿ ಗುಲ್ಮಾರ್ಗ್ ಪೂರ್ತಿ ಬೋಳು, ಒಣ ಹುಲ್ಲು ಕಾಣ್ತಿತ್ತು, ಆ ತಿಂಗಳ ಕೊನೆಗೆ ಬಿತ್ತು ಹಿಮ. 2025ರಲ್ಲಿ ಫೆಬ್ರವರಿಲಿ ಆಗ್ಬೇಕಿದ್ದ ಖೇಲೋ ಇಂಡಿಯಾನೇ ಹಿಮ ಸಾಲ್ದೆ ಮಾರ್ಚ್‌ಗೆ ಹೋಯ್ತು. ನಮ್ ಕಡೆ ಹೂಮಳೆ ಏರುಪೇರಾದ್ರೆ ಹೊಟ್ಟೆ ಹೆಂಗೆ ಕಿವುಚುತ್ತೆ ಅಂತ ನಿಮಗೆ ಗೊತ್ತು, ಅಲ್ಲಿನ ಸ್ಕೀ ಕಲ್ಸೋರ ವರ್ಷದ ದುಡಿಮೆ ಆ ಎರಡು ತಿಂಗಳ ಹಿಮದ ಮೇಲೇ ನಿಂತಿದೆ. ಅದಕ್ಕೇ ಕ್ಯಾನ್ಸಲ್ ಮಾಡಕ್ಕಾಗೋ ರೂಮ್ ನೋಡಿ ತಗೊಳ್ಳಿ, ಸ್ವಲ್ಪ ದುಡ್ಡು ಜಾಸ್ತಿ ಆದ್ರೂ ಪರ್ವಾಗಿಲ್ಲ.

ಬಾಬಾಬುಡನ್ ಗಾಳಿ

ಮೇಲಿನವ್ರು ಹೇಳಿದ್ದು ಸರಿ ಇದೆ, ಆದ್ರೆ ನಾನು ಔಲಿ ಕಡೆಗೆ ಮಾತಾಡ್ತೀನಿ. ಕಲಿಯೋರಿಗೆ ಗುಲ್ಮಾರ್ಗ್‌ಗಿಂತ ಔಲಿ ಮೇಲು ಅಂತ ನನ್ ಅಭಿಪ್ರಾಯ. ಉತ್ತರಾಖಂಡದ ಚಮೋಲಿ ಜಿಲ್ಲೆ, ಜೋಶಿಮಠದ ಮೇಲ್ಗಡೆ. ಸರ್ಕಾರದ ಗಡ್ವಾಲ್ ಮಂಡಲ್ ವಿಕಾಸ್ ನಿಗಮದವ್ರು 7 ದಿನ, 14 ದಿನದ ಕೋರ್ಸ್ ಮಾಡ್ತಾರೆ, ಊಟ, ವಸತಿ, ಸ್ಕೀ, ಕೋಚ್ ಎಲ್ಲಾ ಸೇರಿ, ಬ್ಯಾಚ್ ಅಂತ ಇರೋದ್ರಿಂದ ಮಗಳಿಗೂ ಜೊತೆ ಸಿಗುತ್ತೆ. ಗಲಾಟೆ ಕಮ್ಮಿ, ಎದುರಿಗೇ ನಂದಾದೇವಿ, 7,816 ಮೀಟರ್. ಬೆಳಿಗ್ಗೆ ಎದ್ದು ನೋಡಿದ್ರೆ ಕಣ್ಣು ತುಂಬುತ್ತೆ.

ತೊಂದ್ರೆನೂ ಹೇಳ್ಬೇಕು. ಹೃಷಿಕೇಶದಿಂದ ಜೋಶಿಮಠಕ್ಕೆ ಸುಮಾರು 250 ಕಿ.ಮೀ. ಬೆಟ್ಟದ ರೋಡು, ಇಡೀ ದಿನ ಬೇಕು, ಚಾರ್ಮಾಡಿ ಘಾಟಿಲಿ ವಾಂತಿ ಮಾಡ್ಕೊಳ್ಳೋರು ಇದ್ರೆ ಕಷ್ಟ ಆಗುತ್ತೆ. 2023ರ ಜನವರಿಲಿ ಜೋಶಿಮಠದಲ್ಲಿ ಭೂಮಿ ಕುಸಿದು ಮನೆಗಳೆಲ್ಲ ಬಿರುಕು ಬಿಟ್ವಲ್ಲ, ಆಗ ಅಲ್ಲಿಂದ ಔಲಿಗಿದ್ದ ರೋಪ್‌ವೇ ನಿಲ್ಲಿಸಿದ್ರು, ರೋಡಲ್ಲೇ ಹೋಗ್ಬೇಕು ಅಂತ್ಲೇ ಪ್ಲ್ಯಾನ್ ಮಾಡಿ. ಹಿಮದ ಗ್ಯಾರಂಟಿ ಅಲ್ಲೂ ಇಲ್ಲ.

ಗೊರೂರು ಹಿನ್ನೀರು

ಕೋರ್ಸ್ ವಿಷ್ಯದಲ್ಲಿ ಒಪ್ತೀನಿ ಅಣ್ಣ. ಆದ್ರೆ 68 ವರ್ಷದವ್ರನ್ನ ಕರ್ಕೊಂಡು ಅಷ್ಟು ದೂರ ಬೆಟ್ಟದ ರೋಡು ಬೇಡ ಅನ್ಸುತ್ತೆ. ಶ್ರೀನಗರ ಏರ್‌ಪೋರ್ಟಿಂದ ಗುಲ್ಮಾರ್ಗ್ 50 ಕಿ.ಮೀ. ಚಿಲ್ರೆ, ಅದೇ ದೊಡ್ಡ ಅನುಕೂಲ. ಕೋರ್ಸೇ ಬೇಕು ಅಂದ್ರೆ ಗುಲ್ಮಾರ್ಗಲ್ಲೂ ಕೇಂದ್ರ ಪ್ರವಾಸೋದ್ಯಮ ಇಲಾಖೆಯ ಇಂಡಿಯನ್ ಇನ್‌ಸ್ಟಿಟ್ಯೂಟ್ ಆಫ್ ಸ್ಕೀಯಿಂಗ್ ಅಂಡ್ ಮೌಂಟನೇರಿಂಗ್ ಇದೆ, ತಮ್ಮ ಒಬ್ಬನೇ ಮುಂದೆ ಯಾವತ್ತಾದ್ರೂ ಸೀರಿಯಸ್ಸಾಗಿ ಕಲೀಬೇಕು ಅಂದ್ರೆ ಅಲ್ಲಿಗೆ ಅಪ್ಲೈ ಮಾಡ್ಲಿ.

ಚಿಕ್ಕಮಗಳೂರು ನರ್ಸಕ್ಕ

ತಂದೆಯವ್ರ ವಿಷ್ಯಕ್ಕೆ ಬರ್ತೀನಿ, ಇದನ್ನ ಯಾರೂ ಬರ್ದಿಲ್ಲ. ನಾವಿರೋದು ಸುಮಾರು ಸಾವಿರ ಮೀಟರ್ ಎತ್ತರದಲ್ಲಿ. ಅಲ್ಲಿಂದ ಒಂದೇ ದಿನದಲ್ಲಿ 2,650ಕ್ಕೆ ಹೋಗಿ ಮಲಗೋದು ಬೇಡ, ಮೊದಲ್ನೇ ರಾತ್ರಿ ಶ್ರೀನಗರದಲ್ಲೇ ಇರಿ, ಅದು 1,600ರ ಒಳಗೆ. 2,500 ಮೀಟರ್ ದಾಟಿದ್ಮೇಲೆ ಕೆಲವ್ರಿಗೆ ತಲೆನೋವು, ಹೊಟ್ಟೆ ತೊಳೆಸೋದು, ನಿದ್ದೆ ಬರ್ದೆ ಇರೋದು ಶುರುವಾಗುತ್ತೆ, ಗಟ್ಟಿಮುಟ್ಟಾಗಿರೋರಿಗೂ ಆಗುತ್ತೆ, ಅದಕ್ಕೂ ನಡೆಯೋ ಶಕ್ತಿಗೂ ಸಂಬಂಧ ಇಲ್ಲ. ಮೊದಲೆರಡು ದಿನ ನಿಧಾನ ಇರ್ಲಿ, ನೀರು ಚೆನ್ನಾಗಿ ಕುಡೀಲಿ, ಚಳಿಗೆ ದಾಹ ಗೊತ್ತಾಗಲ್ಲ.

ಗೊಂಡೋಲಾ ಮೊದಲ್ನೇ ಹಂತಕ್ಕೆ ಅಪ್ಪ ಅಮ್ಮ ಹೋಗಿ ಬಿಸಿಬಿಸಿ ಕಹ್ವಾ ಕುಡ್ದು ಹಿಮದ ಮೇಲೆ ಕೂತ್ಕೊಂಡು ಬರ್ಲಿ, ಅದು ಸಾಕು. ಎರಡ್ನೇ ಹಂತಕ್ಕೆ ಬಿಪಿ ಇರೋರನ್ನ ಕರ್ಕೊಂಡು ಹೋಗ್ಬೇಡಿ, ಹತ್ತಿರ ಹತ್ತಿರ 4,000 ಮೀಟರ್ ಅಣ್ಣ ಅದು, ಕೂತ್ಕೊಂಡೇ ಮೇಲೆ ಹೋಗಿರ್ತಾರೆ, ದೇಹಕ್ಕೆ ಹೊಂದ್ಕೊಳ್ಳೋಕೆ ಟೈಮೇ ಸಿಕ್ಕಿರಲ್ಲ. ಉಸಿರು ಕಟ್ಟಿದ ಹಂಗಾದ್ರೆ, ನಡೆಯೋವಾಗ ತೂರಾಡಿದ್ರೆ ತಡ ಮಾಡ್ದೆ ಕೆಳಗಿಳಿಸಿ, ಇಳಿಸೋದೇ ಔಷಧಿ. ಹೋಗೋಕೆ ಮುಂಚೆ ಅವ್ರನ್ನ ನೋಡ್ತಿರೋ ಡಾಕ್ಟರ್ ಹತ್ರ ಎತ್ತರಕ್ಕೆ ಹೋಗ್ತಿದೀವಿ ಅಂತ ಹೇಳಿ, ಯಾರೋ ಹೇಳಿದ್ರು ಅಂತ ಮೆಡಿಕಲ್ ಶಾಪಲ್ಲಿ ಮಾತ್ರೆ ತಗೊಂಡು ನುಂಗಿಸ್ಬೇಡಿ. ಬಿಪಿ ಮಾತ್ರೆ ಹ್ಯಾಂಡ್ ಬ್ಯಾಗಲ್ಲಿ ಇಡಿ.

ಇನ್ಶೂರೆನ್ಸ್ ಮಾಡಿಸೋವಾಗ ಸ್ಕೀಯಿಂಗ್ ಸೇರುತ್ತಾ ಅಂತ ಕೇಳಿ ಬರೆಸ್ಕೊಳ್ಳಿ, ಸಾಹಸ ಕ್ರೀಡೆ ಅಂತ ಬಿಟ್ಟಿರೋ ಪಾಲಿಸಿಗಳೇ ಜಾಸ್ತಿ. ಸ್ಕೀಯಿಂಗಲ್ಲಿ ಮಂಡಿ ತಿರುಚ್ಕೊಂಡು ಬರೋರು ಬಹಳ, ಇದನ್ನ ಹಗುರವಾಗಿ ತಗೋಬೇಡಿ.

ಮೂಡಿಗೆರೆ ತೋಟದವ್ನು

ಎಲ್ರಿಗೂ ತುಂಬಾ ಥ್ಯಾಂಕ್ಸ್. ಪ್ಯಾಕೇಜ್ ಬೇಡ ಅಂತ ಫೋನ್ ಮಾಡಿ ಹೇಳ್ಬಿಟ್ಟೆ. ಅಕ್ಕಾ, ಅಪ್ಪಂಗೆ ನಿಮ್ ಮೆಸೇಜ್ ಓದಿ ಹೇಳ್ದೆ, ಎರಡ್ನೇ ಹಂತ ಬೇಡ ಅಂತ ಅವ್ರೇ ಒಪ್ಕೊಂಡ್ರು.

ಇನ್ನೂ ಒಂದೆರಡು ಪ್ರಶ್ನೆ. ಬಟ್ಟೆ, ಬೂಟು ಇಲ್ಲಿಂದ ತಗೊಂಡು ಹೋಗ್ಬೇಕಾ, ಅಲ್ಲೇ ಬಾಡಿಗೆಗೆ ತಗೊಳ್ಳೋದಾ? ತಮ್ಮ ಟ್ರೆಕ್ಕಿಂಗ್ ಮಾಡೋನು, ಅವನು ಮಾತ್ರ ಕೊನೇ ದಿನ ಅಫರ್ವಟ್‌ಗೆ ಸ್ಕೀ ಹಾಕ್ಕೊಂಡೇ ಹೋಗ್ತೀನಿ ಅಂತಾನೆ, ಬಿಡ್ಬಹುದಾ? ಆಮೇಲೆ ಅಮ್ಮಂಗೆ ಪಹಲ್ಗಾಮ್ ಘಟನೆ ಆದಾಗಿಂದ ಕಾಶ್ಮೀರ ಅಂದ್ರೇನೇ ಭಯ, ನಮ್ ರಾಜ್ಯದವ್ರೂ ಜೀವ ಕಳ್ಕೊಂಡ್ರಲ್ಲ. ಅಮ್ಮಂಗೆ ಏನು ಹೇಳ್ಲಿ ಗೊತ್ತಾಗ್ತಿಲ್ಲ.

ಗೊರೂರು ಹಿನ್ನೀರು

ಅಮ್ಮನ ಭಯ ಸುಮ್ನೆ ಹುಟ್ಟಿದ್ದಲ್ಲ, 2025ರ ಏಪ್ರಿಲ್ 22 ಮರೆಯೋ ದಿನ ಅಲ್ಲ. ಏನೂ ಆಗಲ್ಲ ಬಿಡಮ್ಮ ಅಂತ ತೇಲಿಸ್ಬೇಡಿ. ಹೊರಡೋ ವಾರದ ಪರಿಸ್ಥಿತಿ ನೋಡಿ, ಸರ್ಕಾರದ ಸೂಚನೆ ನೋಡಿ, ನೀವು ಉಳಿಯೋ ಹೋಟೆಲ್‌ನವ್ರ ಹತ್ರ ನೇರ ಮಾತಾಡಿ, ಬೇಕಾದ್ರೆ ಅಮ್ಮನ ಕೈಗೇ ಫೋನ್ ಕೊಡಿ. ಅಷ್ಟಾದ್ಮೇಲೂ ಅಮ್ಮಂಗೆ ಮನಸ್ಸಿಲ್ಲ ಅಂದ್ರೆ ಬಲವಂತ ಮಾಡ್ಬೇಡಿ, ಔಲಿ ಇದ್ದೇ ಇದೆ.

ಸ್ಕೀ, ಬೂಟು, ಕೋಲು, ಹೆಲ್ಮೆಟ್ ಎಲ್ಲಾ ಅಲ್ಲೇ ಬಾಡಿಗೆಗೆ ಸಿಗುತ್ತೆ. ಕೆಳಗೆ ತಂಗ್‌ಮಾರ್ಗಲ್ಲಿ ಗಾಡಿ ನಿಂತ ತಕ್ಷಣ ಗಮ್‌ಬೂಟು, ಓವರ್‌ಕೋಟು ತಗೊಳ್ಳಿ ಅಂತ ಮುತ್ಕೋತಾರೆ, ಅದು ಅಪ್ಪ ಅಮ್ಮಂಗೆ ಆಗುತ್ತೆ, ಸ್ಕೀ ಮಾಡೋ ನಿಮಗಲ್ಲ. ಹಿಮ ಜೋರಾಗಿ ಬಿದ್ದಿದ್ರೆ ತಂಗ್‌ಮಾರ್ಗಿಂದ ಮೇಲಕ್ಕೆ 13 ಕಿ.ಮೀ. ಚಕ್ರಕ್ಕೆ ಚೈನ್ ಹಾಕಿರೋ ಗಾಡಿಲೇ ಹೋಗ್ಬೇಕು, ಗಾಡಿ ಬದಲಾಯಿಸೋ ದುಡ್ಡು ಬೇರೆ ಎತ್ತಿಡಿ. ಬಟ್ಟೆ ಒಳಗಿನ ಥರ್ಮಲ್, ಫ್ಲೀಸು, ನೀರು ಒಳಗೆ ಬಿಡ್ದೆ ಇರೋ ಪ್ಯಾಂಟು, ಗ್ಲೌಸು ಇಷ್ಟನ್ನ ಬೆಂಗಳೂರಲ್ಲಿ ತಗೊಂಡ್ಬಿಡಿ. ಜೀನ್ಸ್ ಬೇಡ್ವೇ ಬೇಡ, ಒಂದ್ಸಲ ಹಿಮದಲ್ಲಿ ಕೂತ್ರೆ ಒದ್ದೆ, ಇಡೀ ದಿನ ಒಣಗಲ್ಲ.

ಸ್ಕೀ ಬೂಟಿನ ವಿಷ್ಯ ಸ್ವಲ್ಪ ವಿವರವಾಗಿ ಹೇಳ್ತೀನಿ, ಯಾಕಂದ್ರೆ ಮೊದಲ್ನೇ ದಿನ ಹಾಳಾಗೋದೇ ಇದ್ರಿಂದ. ಬೂಟು ಹೊರಗಡೆ ಗಟ್ಟಿ ಪ್ಲಾಸ್ಟಿಕ್ಕು, ಹಾಕ್ಕೊಂಡು ನೆಟ್ಟಗೆ ನಿಂತಾಗ ಬೆರಳಿನ ತುದಿ ಮುಂದೆ ಲೈಟಾಗಿ ತಾಗ್ಬೇಕು, ಮಂಡಿ ಬಗ್ಗಿಸಿ ಮುಂದಕ್ಕೆ ವಾಲಿದ್ರೆ ಬೆರಳು ಹಿಂದೆ ಸರೀಬೇಕು, ಹಿಮ್ಮಡಿ ಮಾತ್ರ ಮೇಲೇಳ್ಬಾರ್ದು. ಚಳಿ ಅಂತ ಎರಡು ಜೊತೆ ಕಾಲುಚೀಲ ಹಾಕ್ಬೇಡಿ, ರಕ್ತ ಓಡಲ್ಲ, ಇನ್ನೂ ಚಳಿ ಆಗುತ್ತೆ, ತೆಳ್ಳಗಿನ ಉದ್ದ ಉಣ್ಣೆ ಚೀಲ ಒಂದೇ ಸಾಕು. ಬಾಡಿಗೆ ಅಂಗಡಿಯವ್ನು ಅವಸರ ಮಾಡ್ತಾನೆ, ನೀವು ಮಾಡ್ಬೇಡಿ, ಎರಡು ಮೂರು ಸೈಜು ಹಾಕಿ ನೋಡಿ. ಸ್ಕೀ ಮೇಲೆ ಬೂಟು ಕೂರಿಸೋ ಬೈಂಡಿಂಗ್ ಇರುತ್ತಲ್ಲ, ಬಿದ್ದಾಗ ಅದು ಬಿಟ್ಕೋಬೇಕು, ಬಿಡ್ಲಿಲ್ಲ ಅಂದ್ರೆ ಮಂಡಿ ತಿರುಚುತ್ತೆ. ಎಷ್ಟಕ್ಕೆ ಬಿಡ್ಬೇಕು ಅನ್ನೋದನ್ನ ತೂಕ, ಎತ್ತರ, ವಯಸ್ಸು, ಬೂಟಿನ ಉದ್ದ, ಎಷ್ಟು ಕಲ್ತಿದೀರಿ ಇದೆಲ್ಲ ನೋಡಿ ಸ್ಕ್ರೂ ತಿರುಗಿಸಿ ಇಡ್ತಾರೆ. ಮಗಳ ಸ್ಕೀನ ಅವಳ ತೂಕಕ್ಕೆ ಸೆಟ್ ಮಾಡಿದಾರಾ ಅಂತ ನಿಂತು ನೋಡಿ, ಅವಳಿಗಿಂತ ಮುಂಚೆ ಯಾರೋ ದೊಡ್ಡವ್ರು ಹಾಕಿರ್ತಾರೆ. ಮತ್ತೆ ಬೂಟಿನ ತಳಕ್ಕೆ ಹಿಮ ಮೆತ್ಕೊಂಡಿದ್ರೆ ಎಷ್ಟು ತುಳಿದ್ರೂ ಟಕ್ ಅಂತ ಕೂರಲ್ಲ, ಕೋಲಿನ ತುದಿಲಿ ಕೆರೆದು ತೆಗೆದು ಆಮೇಲೆ ಮುಂಗಾಲು ಮೊದ್ಲು ಸಿಕ್ಕಿಸಿ ಹಿಮ್ಮಡಿ ಒತ್ತಿ. ಸ್ಕೀ ಎರಡೂ ಇಳಿಜಾರಿಗೆ ಅಡ್ಡ ಇರ್ಬೇಕು, ಕೆಳಮುಖ ಇಟ್ಟು ಹಾಕೋಕೆ ಹೋದ್ರೆ ಸ್ಕೀ ನಿಮ್ಮನ್ನ ಬಿಟ್ಟು ಹೊರಟ್ಹೋಗುತ್ತೆ. ಜೂನ್ ಮಳೇಲಿ ತೋಟದ ಜಾರೋ ದಿಬ್ಬ ಇಳಿಯೋವಾಗ ಪಾದ ಅಡ್ಡ ಇಟ್ಟು ಅಂಚು ಊರ್ತೀವಲ್ಲ, ಹತ್ತೋದು ನಿಲ್ಲೋದು ಎರಡೂ ಹಂಗೇನೇ.

ತಮ್ಮಂದು. ಬಿಡ್ಬೇಡಿ ಸರ್. ಟ್ರೆಕ್ಕಿಂಗ್ ಬೇರೆ, ಇದು ಬೇರೆ. 2023ರ ಫೆಬ್ರವರಿ 1ಕ್ಕೆ ಅಫರ್ವಟ್ ಇಳಿಜಾರಲ್ಲಿ ಹಿಮಕುಸಿತ ಆಗಿ ಪೋಲೆಂಡಿನ ಇಬ್ರು ಸ್ಕೀಯರ್‌ಗಳು ತೀರ್ಕೊಂಡ್ರು, 2024ರ ಫೆಬ್ರವರಿಲಿ ಖಿಲನ್‌ಮಾರ್ಗ್ ಹತ್ರ ರಷ್ಯಾದವ್ರೊಬ್ರು. ಇವ್ರು ಯಾರೂ ಹೊಸಬ್ರ ಬಯಲಲ್ಲಿ ಇದ್ದೋರಲ್ಲ, ಮೇಲಿನ ಹುಡಿ ಹಿಮಕ್ಕೆ ಅಂತ್ಲೇ ಬಂದೋರು. ಹಳೇ ಹಿಮದ ಗಟ್ಟಿ ಪದರದ ಮೇಲೆ ಹೊಸದಾಗಿ ರಾಶಿ ಹಿಮ ಬಿದ್ದು ಗಾಳಿ ಬೀಸಿದಾಗ ಆ ಮೇಲಿನ ಹಾಸು ಹಿಡಿತ ಇಲ್ದೆ ನಿಂತಿರುತ್ತೆ, ಒಬ್ಬ ಮನುಷ್ಯ ಹಾದುಹೋಗೋ ಭಾರಕ್ಕೂ ಕಿತ್ಕೊಂಡು ಬರುತ್ತೆ. ಅಲ್ಲಿ ಸ್ಕೀ ಮಾಡೋರ ಮೈಮೇಲೆ ಸಿಗ್ನಲ್ ಕೊಡೋ ಬೀಕನ್ನು, ಹಿಮಕ್ಕೆ ಚುಚ್ಚಿ ಹುಡುಕೋ ಉದ್ದ ಕೋಲು, ಸಲಿಕೆ ಮೂರೂ ಇರ್ಬೇಕು, ಅದನ್ನ ಬಳಸೋದು ಜೊತೆಯವ್ರಿಗೂ ಬರ್ಬೇಕು. ಮೂರು ನಾಲ್ಕು ದಿನ ಕಲ್ತವ್ರ ಜಾಗ ಅಲ್ಲ ಅದು. ತಮ್ಮ ಗೊಂಡೋಲಾದಲ್ಲಿ ಎರಡ್ನೇ ಹಂತಕ್ಕೆ ಹೋಗಿ ನೋಡ್ಕೊಂಡು ಅದೇ ಗೊಂಡೋಲಾದಲ್ಲಿ ಇಳೀಲಿ.

ಗೊಂಡೋಲಾ ಟಿಕೆಟ್ ಜಮ್ಮು ಕಾಶ್ಮೀರ ಕೇಬಲ್ ಕಾರ್ ಕಾರ್ಪೊರೇಷನ್ ವೆಬ್‌ಸೈಟಲ್ಲೇ ಮುಂಚಿತವಾಗಿ ಮಾಡಿ, ಅಲ್ಲಿಗೆ ಹೋದ್ಮೇಲೆ ಡಬಲ್ ರೇಟಿಗೆ ಕೊಡ್ತೀನಿ ಅನ್ನೋರ ಹತ್ರ ತಗೋಬೇಡಿ. ಗಾಳಿ ಜಾಸ್ತಿ ಆದ್ರೆ ಎರಡ್ನೇ ಹಂತ ನಿಲ್ಲಿಸ್ತಾರೆ, ಹಂಗಾಗಿ ಅದನ್ನ ಕೊನೇ ದಿನಕ್ಕೆ ಇಟ್ಕೋಬೇಡಿ.

ಅರಸೀಕೆರೆ ಜಂಕ್ಷನ್

ಒಂದೆರಡು ಮಾತು ನಾನೂ ಸೇರಿಸ್ತೀನಿ. ಇಲ್ಲಿನ ಪ್ರಿಪೇಯ್ಡ್ ಸಿಮ್ ಕಾಶ್ಮೀರದಲ್ಲಿ ನಡೆಯಲ್ಲ, ಪೋಸ್ಟ್‌ಪೇಯ್ಡ್ ಮಾತ್ರ. ಮನೇಲಿ ಒಬ್ರದ್ದಾದ್ರೂ ಮುಂಚೆನೇ ಬದಲಾಯಿಸ್ಕೊಳ್ಳಿ, ತೋಟದಿಂದ ರೈಟರ್ ಫೋನ್ ಮಾಡೋದು ಇದ್ದೇ ಇರುತ್ತಲ್ಲ. ವಾಪಸ್ ಬರೋವಾಗ ಒಂದು ದಿನ ಶ್ರೀನಗರದಲ್ಲಿ ಖಾಲಿ ಇಟ್ಕೊಳ್ಳಿ, ಹಿಮ ಬಿದ್ರೆ ಫ್ಲೈಟ್ ಕ್ಯಾನ್ಸಲ್ ಆಗುತ್ತೆ, ಏರ್‌ಪೋರ್ಟಲ್ಲಿ ಗೇಟಿಂದ್ಲೇ ಚೆಕಿಂಗ್, ಮೂರು ಗಂಟೆ ಮುಂಚೆ ಹೋಗಿ. ಫ್ಲೈಟ್ ಕೈಕೊಟ್ರೆ ಈಗ ರೈಲೂ ಇದೆ, 2025ರ ಜೂನಲ್ಲಿ ಕತ್ರಾ ಶ್ರೀನಗರ ವಂದೇ ಭಾರತ್ ಶುರುವಾಯ್ತು, ಮೂರು ಗಂಟೆ ದಾರಿ, 359 ಮೀಟರ್ ಎತ್ತರದ ಚೆನಾಬ್ ಸೇತುವೆ ಮೇಲೇ ಹೋಗುತ್ತೆ. ರಾಂಬನ್ ಕಡೆ ಗುಡ್ಡ ಕುಸಿದು ಹೈವೇ ಬಂದ್ ಆದಾಗ ಮೊದ್ಲೆಲ್ಲ ಕಾರಲ್ಲೇ ರಾತ್ರಿ ಕಳೀಬೇಕಿತ್ತು.

ಊಟದ ಚಿಂತೆ ಬೇಡ, ಅವ್ರೂ ಅನ್ನ ತಿನ್ನೋ ಜನ. ಹಾಖ್ ಅಂತ ಸೊಪ್ಪಿನ ಸಾರು ಮಾಡ್ತಾರೆ, ಅಮ್ಮಂಗೆ ಹಿಡಿಸುತ್ತೆ.

ಹೇಮಾವತಿ ದಡ

ತಡವಾಗಿ ನೋಡ್ದೆ. ಪಾಸ್‌ಪೋರ್ಟ್ ಇದ್ರೆ ಕಜಕಿಸ್ತಾನದ ಶಿಂಬುಲಾಕ್ ಕೂಡ ನೋಡಿ. ಅಲ್ಮಾಟಿ ಪಕ್ಕದಲ್ಲೇ, ನಮ್ಮವ್ರಿಗೆ 14 ದಿನಕ್ಕೆ ವೀಸಾ ಬೇಡ, ದೆಹಲಿಯಿಂದ ನೇರ ಫ್ಲೈಟ್ ಇದೆ. 2,260 ಮೀಟರಿಂದ ಶುರು, ಮೆಷಿನ್ ಓಡಿಸಿ ಹದ ಮಾಡಿದ ಇಳಿಜಾರು, ಹೊಸಬ್ರಿಗೆ ಬೇರೆ ಜಾಗ, ಲಿಫ್ಟ್ ವ್ಯವಸ್ಥೆ ಅಚ್ಚುಕಟ್ಟು. ಆರು ಜನಕ್ಕೆ ಖರ್ಚು ಜಾಸ್ತಿ ಆಗುತ್ತೆ ಅನ್ನೋದು ನಿಜ, ಮುಂದಿನ ಸಲಕ್ಕಾದ್ರೂ ನೆನಪಿಟ್ಕೊಳ್ಳಿ.

ಮೂಡಿಗೆರೆ ತೋಟದವ್ನು

ಇವತ್ತು ಮನೇಲಿ ಕೂತು ಮಾತಾಡಿದ್ವಿ. ಫೆಬ್ರವರಿ 3ಕ್ಕೆ ಹೊರಡೋದು, ಒಂದು ರಾತ್ರಿ ಶ್ರೀನಗರ, ಐದು ರಾತ್ರಿ ಗುಲ್ಮಾರ್ಗ್, ವಾಪಸ್ಸಿಗೆ ಶ್ರೀನಗರದಲ್ಲಿ ಒಂದಿನ ಕೈಲಿಟ್ಕೊಂಡು ಟಿಕೆಟ್ ಮಾಡ್ತಿದೀವಿ. ಅಮ್ಮ ಹೋಟೆಲ್‌ನವ್ರ ಜೊತೆ ಹಿಂದಿಲಿ ಅಷ್ಟೋ ಇಷ್ಟೋ ಮಾತಾಡಿ ಸಮಾಧಾನ ಆಗಿದಾರೆ. ತಮ್ಮಂಗೆ ಹಿಮಕುಸಿತದ್ದು ಓದಿಸ್ದೆ, ಕೆಳಗಿನ ಬಯಲಲ್ಲೇ ಕಲೀತೀನಿ ಅಂದ.

ಒಂದು ಕೇಳೋದು ಮರ್ತಿದ್ದೆ, ಮಗಳಿಗೆ ಕನ್ನಡಕ ಇದೆ. ಕನ್ನಡಕ ಹಾಕ್ಕೊಂಡು ಸ್ಕೀ ಮಾಡ್ಬಹುದಾ?

ಗೊರೂರು ಹಿನ್ನೀರು

ಮಾಡ್ಬಹುದು ಸರ್. ಕನ್ನಡಕದ ಮೇಲೆ ಹಾಕೋ ಸ್ಕೀ ಗಾಗಲ್ಸ್ ಅಂತ್ಲೇ ಬರುತ್ತೆ, ಒಳಗಡೆ ಜಾಗ ಜಾಸ್ತಿ, ಪಕ್ಕದಲ್ಲಿ ಕನ್ನಡಕದ ಕಡ್ಡಿಗೆ ಸಂದು ಇರುತ್ತೆ. ಎರಡು ಪದರದ ಗಾಜಿರೋದು ನೋಡಿ, ಮಂಜು ಕಟ್ಟೋದು ಕಮ್ಮಿ, ಯುವಿ ತಡೆಯೋದು ಇರ್ಲೇಬೇಕು, ಬಿಸಿಲು ಹಿಮಕ್ಕೆ ಬಡಿದು ಕಣ್ಣಿಗೆ ಹೊಡೆಯುತ್ತೆ, ಮೋಡ ಇದ್ದ ದಿನಾನೂ ಬಿಚ್ಚೋಕೆ ಬಿಡ್ಬೇಡಿ. ಬೆಂಗಳೂರಲ್ಲೇ ಹೆಲ್ಮೆಟ್ ಜೊತೆ ಹಾಕಿಸಿ ನೋಡಿ ತಗೊಳ್ಳಿ, ಅಲ್ಲಿ ಬಾಡಿಗೆಗೆ ಸಿಗೋದು ಗೀರು ಬಿದ್ದಿರುತ್ತೆ. ಹಳೇ ಕನ್ನಡಕ ಒಂದಿದ್ರೆ ಅದನ್ನೂ ಬ್ಯಾಗಲ್ಲಿ ಹಾಕ್ಕೊಳ್ಳಿ.